ಅರ್ಧ ಇಂಚು ಮಾಸ್ತರು ಕಾರಿಗೆ ವೈರು ಹೊಲಿದದ್ದು

ಟೈಲರ್ ಮಾಸ್ತರಿಗೆ ‘ಅರ್ಧ ಇಂಚು’ ಅನ್ನುವ ಅಡ್ಡಹೆಸರು ಬಿದ್ದದ್ದು ಅವರ ಬಾಯಿಂದಲೇ. ಯಾರು ಬಂದು ಅಳತೆಗೆ ನಿಂತರೂ ಟೇಪು ಸುತ್ತಿ, ಕಿವಿಯ ಹಿಂದಿನ ಚಾಕ್‌ಪೀಸು ತೆಗೆದು, ಏನೋ ಗೊಣಗಿಕೊಂಡು, ಕೊನೆಗೆ “ಒಳಗೆ ಅರ್ಧ ಇಂಚು ಇರ್ಲಿ” ಅನ್ನುತ್ತಿದ್ದರು. ಮದುವೆಗಂಡಾದರೂ ಅಷ್ಟೇ, ಶಾಲೆಗೆ ಹೋಗುವ ಹುಡುಗಿಯಾದರೂ ಅಷ್ಟೇ. ಮನುಷ್ಯ ಊದುತ್ತಾನೆ, ಬಟ್ಟೆ ಕುಗ್ಗುತ್ತದೆ, ಇವೆರಡರ ನಡುವೆ ಮಾನ ಉಳಿಯಬೇಕಾದರೆ ಒಳಗೆ ಒಂದಿಷ್ಟು ಬಟ್ಟೆ ಮಡಚಿ ಬಿಟ್ಟಿರಬೇಕು ಅಂತ ಅವರ ನಂಬಿಕೆ. ಮಾತು ಅರ್ಧ ಇಂಚಿನದಾದರೂ ಬಿಡುತ್ತಿದ್ದದ್ದು ಯಾವಾಗಲೂ ಜಾಸ್ತಿಯೇ. ಸೇತುವೆಯ ಹತ್ತಿರ ನಿಲ್ಲುವ ಟ್ರಾಫಿಕ್ ಪೊಲೀಸಪ್ಪ ಕಡ್ಡಿಯಂತಿದ್ದಾಗ ಅವರ ಹತ್ತಿರ ಒಂದು ಪ್ಯಾಂಟು ಹೊಲಿಸಿಕೊಂಡಿದ್ದ. ಆಮೇಲೆ ಅವನಿಗೆ ಹೊಟ್ಟೆ ಬಂತು, ಇನ್ನಷ್ಟು ಬಂತು, ಈಗಲೂ ಅದೇ ಪ್ಯಾಂಟಿನಲ್ಲಿದ್ದಾನೆ.

ಮಾಸ್ತರು ಬೀದಿಯಲ್ಲಿ ನಡೆಯುವಾಗ ಎದುರು ಬಂದವರ ಮುಖ ನೋಡುತ್ತಿರಲಿಲ್ಲ, ಭುಜದ ಹೊಲಿಗೆ ನೋಡುತ್ತಿದ್ದರು. ನಿನ್ನ ಚಿಕ್ಕಮ್ಮ ಸಿಕ್ಕಿದ್ದರು ಅಂತ ಮನೆಗೆ ಬಂದು ಹೆಂಡತಿಗೆ ಹೇಳುವರು. ಹೇಗಿದ್ದಾರೆ ಅಂತ ಆಕೆ ಕೇಳಿದರೆ, “ಎಡತೋಳು ಸ್ವಲ್ಪ ಎಳೀತಿತ್ತು” ಅನ್ನುವರು. ಪಾಪ, ಆಕೆ ಹಣ್ಣು ತಗೊಂಡು ಚಿಕ್ಕಮ್ಮನನ್ನು ನೋಡಲು ಓಡುವಳು. ಹೋಗಿ ನೋಡಿದರೆ ಚಿಕ್ಕಮ್ಮ ಗುಂಡುಕಲ್ಲಿನ ಹಾಗೆ ಕೂತಿರುತ್ತಿದ್ದರು, ರವಿಕೆ ಮಾತ್ರ ಬಿಗಿ.

ಈ ಎಡಬಲದ ವಿಷಯದಲ್ಲಿ ಮಾಸ್ತರನ್ನು ಮೀರಿಸುವವರಿರಲಿಲ್ಲ. ಎಡ ಅಂದರೆ ತೊಟ್ಟವರ ಎಡ, ನೋಡುವವರದಲ್ಲ. ಎದುರು ನಿಂತವರ ಎಡಗೈ ತನ್ನ ಬಲಗಡೆಗಿರುತ್ತದೆ ಅನ್ನುವುದನ್ನು ಕಲಿಸುವಾಗ ಅವರ ಗುರು ಮರದ ಸ್ಕೇಲಿನಿಂದ ನೆತ್ತಿಗೆ ಒಂದು ಕೊಟ್ಟಿದ್ದರಂತೆ. ಅಂದಿನಿಂದ ಕಣ್ಣು ಬಾಯಿ ಇರುವ ಯಾವುದು ಎದುರು ನಿಂತರೂ ಮಾಸ್ತರ ತಲೆಯಲ್ಲಿ ಎಡಬಲ ತಾನಾಗಿ ತಿರುಗಿಕೊಳ್ಳುತ್ತಿತ್ತು. ಕನ್ನಡಿಯಲ್ಲಿ ಕಂಡದ್ದನ್ನೂ ಹಾಗೆಯೇ ತಿರುಗಿಸಿಕೊಳ್ಳುತ್ತಿದ್ದರು. ಕಣ್ಣುಬಾಯಿ ಇಲ್ಲದ ಸಾಮಾನಿಗೆ ಮಾತ್ರ ಈ ಕಾಯಿದೆ ಇಲ್ಲ. ಮೇಜಿನ ಎಡ ಅಂದರೆ ಅದರ ಮುಂದೆ ನಿಂತವನ ಎಡ.

ಮೇಜು ಅಂದೆನಲ್ಲ, ಕಥೆ ಇರುವುದೇ ಅದರಲ್ಲಿ. ಮಾಸ್ತರ ಅಂಗಡಿಯ ಕಟಿಂಗ್ ಮೇಜು ಎಷ್ಟು ದೊಡ್ಡದೆಂದರೆ, ಅಂಗಡಿಗೆ ಮೇಜು ತಂದರೋ ಮೇಜಿನ ಸುತ್ತ ಅಂಗಡಿ ಕಟ್ಟಿದರೋ ಅಂತ ಬಂದವರಿಗೆ ಅನುಮಾನ ಬರುತ್ತಿತ್ತು. ಮದುವೆಯಾದ ವರ್ಷ ಮಾಡಿಸಿದ್ದು. ಕತ್ತರಿಯ ಗೀರು, ಇಸ್ತ್ರಿಪೆಟ್ಟಿಗೆ ಸುಟ್ಟ ಕಲೆ, ಚಾಕ್‌ಪೀಸಿನ ನೀಲಿ ಎಲ್ಲ ಅದರ ಮೈಗೆ ಹತ್ತಿತ್ತು. ಒಂದು ಅಂಚಿನ ನಟ್ಟನಡುವೆ ಒಂದು ತಗ್ಗು. ಇಷ್ಟು ವರ್ಷ ಅಲ್ಲಿ ಹೊಟ್ಟೆ ಆನಿಸಿ ಬಗ್ಗಿ ಬಗ್ಗಿ ಕತ್ತರಿಸಿದ್ದಕ್ಕೆ ಮಾಸ್ತರ ಹೊಟ್ಟೆಯೇ ಮರವನ್ನು ಸವೆಸಿತ್ತು. ಅಲ್ಲಿ ಹೋಗಿ ನಿಂತರೆ ಕಾಜಾದಲ್ಲಿ ಗುಂಡಿ ಕೂತಷ್ಟು ಸರಿಯಾಗಿ ಹೊಟ್ಟೆ ಕೂರುತ್ತಿತ್ತು. ಮರ ಸವೆಸುವಂಥ ಹೊಟ್ಟೆಗೆ ದಿನಾ ಅನ್ನ ಹಾಕಿದವಳು ನಾನು, ಆ ತಗ್ಗಿನಲ್ಲಿ ನನ್ನದೂ ಪಾಲಿದೆ ಅಂತ ಹೆಂಡತಿ ಹೇಳುತ್ತಿದ್ದಳು.

ಹೀಗಿರುವಾಗ ಕಟ್ಟಡದ ಯಜಮಾನರು ಅಂಗಡಿಯನ್ನು ಒಬ್ಬ ಬೇಕರಿಯವನಿಗೆ ಕೊಡುವುದಾಗಿ ಹೇಳಿದರು. ಮಾಸ್ತರು ತಕರಾರು ಮಾಡಲಿಲ್ಲ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿದರಾಯಿತು ಅಂತ ಒಂದೊಂದೇ ಸಾಮಾನನ್ನು ಕಾರಿನಲ್ಲಿ ಸಾಗಿಸಿದರು. ಮಿಷನ್ನು ಬಂತು, ಕನ್ನಡಿ ಬಂತು, ಕೋಟು ತೊಡಿಸುವ ತಲೆಯಿಲ್ಲದ ಗೊಂಬೆ ಮುಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಬಂತು. ಉಳಿದದ್ದು ಮೇಜು. ಅದರ ಕಾಲು ಬಿಚ್ಚಲು ಬರುವುದಿಲ್ಲ. ವ್ಯಾನಿನವನೊಬ್ಬ ಬಂದು ನೋಡಿ, ನಡುವೆ ಗರಗಸ ಹಾಕಿ ಎರಡು ತುಂಡು ಮಾಡಿದರೆ ಒಯ್ಯುತ್ತೇನೆ ಅಂದ. ಮಾಸ್ತರು ಅವನನ್ನು ಬಾಗಿಲ ತನಕ ಮರ್ಯಾದೆಯಿಂದ ಬಿಟ್ಟುಬಂದರು.

ಆಮೇಲೆ ಬೇಕರಿಯವನು ಜಾಗ ನೋಡಲು ಬಂದ. ಗೋಡೆ ನೋಡಲಿಲ್ಲ, ಕಿಟಕಿ ನೋಡಲಿಲ್ಲ, ನೆಟ್ಟಗೆ ಮೇಜಿನ ಹತ್ತಿರ ಹೋಗಿ ಬೆರಳಿನಿಂದ ತಟ್ಟಿದ, ಅಂಗೈ ಊರಿ ಒತ್ತಿದ, ಕೊನೆಗೆ ಕೆನ್ನೆ ಇಟ್ಟು ತಂಪು ನೋಡಿದ.

“ಹಿಟ್ಟು ನಾದೋಕೆ ಹೇಳಿ ಮಾಡಿಸಿದಂಗಿದೆ ಮಾಸ್ಟ್ರೇ,” ಅಂದ.

ಶನಿವಾರ ಹೊತ್ತು ಮುಳುಗುವಷ್ಟರಲ್ಲಿ ಅಂಗಡಿ ಖಾಲಿ ಆಗಬೇಕು, ಒಳಗೆ ಉಳಿದದ್ದು ಹೊಸಬರ ಪಾಲಿಗೆ ಅಂತ ಯಜಮಾನರು ಮೊದಲೇ ಹೇಳಿದ್ದರು. ಎಷ್ಟೋ ಮದುವೆಯ ಕೋಟು ಕತ್ತರಿಸಿದ ಮೇಜು, ಅದರ ಮೇಲೆ ಇವನು ಮೈದಾ ಚೆಲ್ಲಿ ಗುದ್ದುತ್ತಾನೆ. ತನ್ನ ಹೊಟ್ಟೆಯ ತಗ್ಗಿನಲ್ಲಿ ಇವನ ಹೊಟ್ಟೆ ಬಂದು ಕೂರುತ್ತದೆ. ಆ ಯೋಚನೆಗೇ ಮಾಸ್ತರಿಗೆ ಅನ್ನ ಸೇರಲಿಲ್ಲ.

ಹಾಗಾಗಿ ಅವರು ಯಾರೋ ದೋಣಿ ಎಳೆಯಲು ಇಟ್ಟುಕೊಂಡಿದ್ದ ಹಳೆಯ ಟ್ರೈಲರ್ ಒಂದನ್ನು ಕೊಂಡುತಂದರು. ಎರಡು ಚಕ್ರ, ಮೇಲೊಂದು ಹಲಗೆ, ಹಿಂದೆ ಎರಡು ಲೈಟು. ಹೆಂಡತಿಯ ತಮ್ಮನಿಗೆ ಗ್ಯಾರೇಜಿತ್ತು. ಅವನು ಬಂದು ಕಾರಿನ ಹಿಂದೆ ಟ್ರೈಲರ್ ಸಿಕ್ಕಿಸುವ ಕೊಕ್ಕೆಯನ್ನು ಬೋಲ್ಟು ಹಾಕಿ ಕೂರಿಸಿಕೊಟ್ಟ. ಇನ್ನು ಉಳಿದದ್ದು ವೈರಿಂಗ್. ಕಾರಿನಲ್ಲಿ ಬ್ರೇಕು ಒತ್ತಿದರೆ ಟ್ರೈಲರ್‌ನ ಹಿಂದೆಯೂ ಕೆಂಪು ಹತ್ತಬೇಕು, ಕಾರು ಎಡಕ್ಕೆ ತಿರುಗಿದರೆ ಅದರ ಎಡಲೈಟೂ ಮಿಣುಕಬೇಕು. ಅದಕ್ಕೆ ಕಾರಿನ ಹಿಂದಿನ ಲೈಟುಗಳಿಂದ ವೈರು ಕವಲು ತೆಗೆದು, ಡಿಕ್ಕಿಯೊಳಗೆ ಹಾಯಿಸಿ, ಕೊಕ್ಕೆಯ ಪಕ್ಕದ ಸಾಕೆಟ್ಟಿಗೆ ತರಬೇಕು. ಲೈಟು ಸರಿಯಿಲ್ಲದ ಟ್ರೈಲರನ್ನು ಪೊಲೀಸಪ್ಪ ಸೇತುವೆ ದಾಟಲು ಬಿಡುವುದಿಲ್ಲ. ಅಂಗಡಿ ಇರುವುದು ಸೇತುವೆಯ ಆಚೆ.

ನಾಳೆ ಬಂದು ವೈರಿಂಗ್ ಮಾಡಿಕೊಡುತ್ತೇನೆ, ಅದು ಸೂಕ್ಷ್ಮದ ಕೆಲಸ, ಕಲಿತವರೇ ಮಾಡಬೇಕು ಅಂತ ಬಾಮೈದ ಊಟಕ್ಕೆ ಕೂತಾಗ ಹೇಳಿದ. ಅಷ್ಟಕ್ಕೆ ಮಾಸ್ತರು ಸುಮ್ಮನಿದ್ದಿದ್ದರೆ ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ಆದರೆ ಸೂಕ್ಷ್ಮ ಅನ್ನುವ ಮಾತು ಅವರಿಗೆ ಚುಚ್ಚಿತು. ದಿನವಿಡೀ ಸೂಜಿ ಹಿಡಿಯುವವನ ಮುಂದೆ ಸ್ಪ್ಯಾನರ್ ಹಿಡಿಯುವವನು ಸೂಕ್ಷ್ಮದ ಮಾತಾಡುವುದೇ?

“ವೈರು ಅಂದ್ರೇನಪ್ಪ,” ಅಂದರು. “ಅಂಗಿ ಹಾಕ್ಕೊಂಡಿರೋ ದಾರ. ಅಷ್ಟೇ ತಾನೇ.”

ಬಾಮೈದ ತುತ್ತನ್ನು ತಟ್ಟೆಗೆ ವಾಪಸು ಇಟ್ಟ. ಅವನು ಅಕ್ಕನ ಮುಖ ನೋಡಿದ. ಅಕ್ಕ ನೀರಿನ ಲೋಟ ನೋಡಿದಳು.

“ಹಾಗಾದ್ರೆ ನೀವೇ ಹೊಲ್ಕೊಳಿ ಭಾವ,” ಅಂದ. ಕೈ ತೊಳೆದು, ಸ್ಕೂಟರ್ ಹತ್ತಿ, ಹೋದ. ಹೋಗುವಾಗ ಅವನ ಗ್ಯಾರೇಜ್ ಪ್ಯಾಂಟಿನ ಹಿಂದುಗಡೆ ಹೊಲಿಗೆ ಜೀವ ಬಿಡುವ ಹಂತಕ್ಕೆ ಬಂದದ್ದನ್ನು ಮಾಸ್ತರು ಗಮನಿಸಿದರು. ಹೇಳೋಣ ಅನ್ನಿಸಿತು, ಹೇಳಲಿಲ್ಲ.

ಮರುದಿನ ಮಾಸ್ತರು ಬಿಡಿಭಾಗದ ಅಂಗಡಿಗೆ ಹೋಗಿ ವೈರಿಂಗ್ ಸೆಟ್ಟು ತಂದರು. ಅಂಗಡಿಯವನು ಬಾಯಲ್ಲೇ ಎಲ್ಲ ಹೇಳಿಕೊಟ್ಟಿದ್ದ. ಹಳದಿ ಎಡಕ್ಕೆ, ಹಸಿರು ಬಲಕ್ಕೆ, ಕಂದು ಹಿಂದಿನ ಕೆಂಪು ಲೈಟಿಗೆ, ಬಿಳಿಯದು ಅರ್ತಿಂಗು, ಅದನ್ನು ಕಾರಿನ ಮೈಗೆ ಸ್ಕ್ರೂ ಹಾಕಿ ಬಿಗಿಯಬೇಕು. ಮಾಸ್ತರು ಒಂದೇ ಸಲಕ್ಕೆ ಬಾಯಿಪಾಠ ಮಾಡಿಕೊಂಡರು. ಅದೇನು ಮಹಾ, ಮೂರು ತುಂಡಿನ ಸೂಟಿನ ಅಳತೆ ತಲೆಯಲ್ಲಿಟ್ಟುಕೊಂಡವರು.

ಮಧ್ಯಾಹ್ನ ಹೆಂಡತಿ ಬಟ್ಟೆ ಒಣಗಿಸಲು ಹಿತ್ತಲಿಗೆ ಹೋದರೆ, ಹಗ್ಗದ ಮೇಲೆ ಆಗಲೇ ಹಳದಿ, ಹಸಿರು, ಕಂದು, ಬಿಳಿ ವೈರುಗಳು ಕ್ಲಿಪ್ಪು ಹಾಕಿಸಿಕೊಂಡು ನೇತಾಡುತ್ತಿದ್ದವು. ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು.

“ರೀ, ಇದೇನ್ರೀ ಇದು?”

“ಹೊಸದಲ್ವೇನೇ, ಮೊದಲ ನೀರಿಗೆ ಕುಗ್ಗುತ್ತೆ,” ಅಂದರು ಮಾಸ್ತರು. “ಬೆಳಗ್ಗೆಯಿಂದ ಬಕೀಟಲ್ಲಿ ನೆನೆಹಾಕಿದ್ದೆ.”

ಕುಗ್ಗಿತಾ ಅಂತ ಆಕೆ ಕೇಳಿದಳು. ಇಲ್ಲ, ಟೇಪು ಹಿಡಿದು ನೋಡಿದೆ, ಹಾಗೇ ಇದೆ ಅಂದರು. ಆದರೆ ಅವರ ದನಿಯಲ್ಲಿ ನಂಬಿಕೆ ಇರಲಿಲ್ಲ. ಮೊದಲ ನೀರಿಗೆ ಬಗ್ಗದ ಬಟ್ಟೆ ಎರಡನೆಯದಕ್ಕೆ ಮೋಸ ಮಾಡಿದ್ದನ್ನು ಅವರು ಕಂಡಿದ್ದರು. ಹಾಗಾಗಿ ಟ್ರೈಲರ್‌ನ ಕಡೆ ಎರಡೂ ಲೈಟಿನ ಹಿಂದೆ, ಬೆಳೆಯುವ ಮಕ್ಕಳ ಲಂಗಕ್ಕೆ ಬಿಡುವ ಹಾಗೆ, ತೋಳುದ್ದ ತೋಳುದ್ದ ವೈರನ್ನು ಮಡಿಕೆ ಮಾಡಿ ಒಳಗೆ ಬಿಟ್ಟರು. ಸುರಿಯುವ ಮಳೆಗೆ ಸಿಕ್ಕಿ ಎಷ್ಟೇ ಕುಗ್ಗಿದರೂ ಲೈಟು ಕಿತ್ತುಬರಬಾರದು ನೋಡಿ.

ಟ್ರೈಲರ್‌ಗೆ ಕಣ್ಣುಬಾಯಿ ಇಲ್ಲ, ಮೇಜಿನ ಜಾತಿ. ಅದರ ಹಿಂದೆ ನಿಂತು ಹಳದಿಯನ್ನು ತಮ್ಮ ಎಡಕ್ಕೆ ಕೊಟ್ಟರು, ಹಸಿರನ್ನು ಬಲಕ್ಕೆ. ಆಮೇಲೆ ಕಾರಿನ ಹಿಂದೆ ಬಂದು ಮೊಣಕಾಲೂರಿ ಕೂತರು. ಕೂತು ನೋಡಿದರೆ ಕಾರು ಅವರನ್ನೇ ನೋಡುತ್ತಿತ್ತು. ಎರಡು ಕಡೆ ಎರಡು ಕೆಂಪು ಕಣ್ಣು, ನಡುವೆ ನಂಬರ್ ಪ್ಲೇಟಿನ ಹಲ್ಲು, ಕೆಳಗೆ ಹೊಸದಾಗಿ ಬಂದ ಕೊಕ್ಕೆ ಗಲ್ಲದ ಹಾಗೆ ಮುಂದಕ್ಕೆ ಚಾಚಿಕೊಂಡು. ಅಳತೆಗೆ ಬಂದ ಗಿರಾಕಿಯೇ ಸರಿ, ಸ್ವಲ್ಪ ಮುಂಗೋಪಿ. ಮಾಸ್ತರ ತಲೆಯಲ್ಲಿ ಎಡಬಲ ತಾನಾಗಿ ತಿರುಗಿತು. ಇದರ ಎಡಗೈ ಅಂದರೆ ನನ್ನ ಬಲಗಡೆ ಅಂದುಕೊಂಡು, ಹಳದಿಯನ್ನು ಬಲಗಡೆಯ ಲೈಟಿಗೆ ಕೂಡಿಸಿದರು. ಹಸಿರನ್ನು ಎಡಗಡೆಗೆ. ನೆತ್ತಿಯ ಮೇಲೆ ಗುರುಗಳ ಸ್ಕೇಲು ನೆನಪಾಗಿ, ತಪ್ಪಲಿಲ್ಲವಲ್ಲ ಅಂತ ಸಮಾಧಾನಪಟ್ಟುಕೊಂಡರು.

ಅಲ್ಲಿಂದ ಮುಂದಿನ ಕೆಲಸ ನೋಡಬೇಕಿತ್ತು. ಬೇರೆಯವರಾಗಿದ್ದರೆ ವೈರನ್ನು ಡಿಕ್ಕಿಯಲ್ಲಿ ಹಾಗೇ ಎಳೆದು ನಾಲ್ಕು ಕಡೆ ಟೇಪು ಸುತ್ತಿ ಕೈತೊಳೆದುಕೊಳ್ಳುತ್ತಿದ್ದರು. ಮಾಸ್ತರು ಡಿಕ್ಕಿಯ ಕಾರ್ಪೆಟ್ ಎತ್ತಿ, ವೈರು ಹೋಗುವ ದಾರಿಗೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು, ಬಲೂನಿನಂತೆ ಉಬ್ಬದ ಹಾಗೆ ಒಂದು ತೆಳು ಬಟ್ಟೆಯ ನಾಳ ಹೊಲಿದು, ಅದರೊಳಗೆ ವೈರು ತೂರಿಸಿ, ಮೊದಲು ಕಚ್ಚಾ ಹೊಲಿಗೆ ಹಾಕಿ, ಟ್ರಯಲ್ ನೋಡಿ, ಆಮೇಲೆ ಕಾರ್ಪೆಟ್ಟಿನ ಅಡಿಗೆ ಕಾಣದ ಹೊಲಿಗೆಯಲ್ಲಿ ಹೆಮ್ಮಿಂಗ್ ಮಾಡಿದರು. ಕಾರ್ಪೆಟ್ಟಿನ ಅಂಚನ್ನೂ ಸುತ್ತ ಹೊಲಿದು ಮುಚ್ಚಿದರು. ಡಿಕ್ಕಿಯಲ್ಲಿ ಅರ್ಧ ಮೈ ತೂರಿಸಿ, ಕಾಲು ಹೊರಗೆ ಬಿಟ್ಟುಕೊಂಡು ಹೊಲಿಯುತ್ತಿದ್ದವರನ್ನು ನೋಡಿ, ದಾರಿಯಲ್ಲಿ ಹೋಗುವವರು ಯಾರನ್ನೋ ಡಿಕ್ಕಿಗೆ ತುಂಬುತ್ತಿದ್ದಾರೆ ಅಂತ ನಿಂತು ನೋಡಿದರು. ಹೆಂಡತಿ ಅವರಿಗೆಲ್ಲ, ಏನಿಲ್ಲ, ಕಾರಿಗೆ ಲಂಗ ಹೊಲೀತಿದಾರೆ ಅಂತ ಉತ್ತರ ಕೊಟ್ಟಳು.

ಕೊನೆಗೆ ಬಿಳಿ ವೈರು. ಕಾರಿನ ಮೈಗೆ ಸ್ಕ್ರೂ ಹಾಕುವಾಗ ಮಾಸ್ತರಿಗೆ ಮನಸ್ಸು ಬರಲಿಲ್ಲ. ಬಣ್ಣ ಕಿತ್ತುಹೋಗುತ್ತದೆ, ಗೀರು ಬೀಳುತ್ತದೆ. ಕೋಟಿನ ದೊಡ್ಡ ಗುಂಡಿಯ ಕೆಳಗೆ ಇಡುವ ಹಾಗೆ ಉಣ್ಣೆಬಟ್ಟೆಯ ಪುಟ್ಟ ಬಿಲ್ಲೆಯೊಂದನ್ನು ದುಂಡಗೆ ಕತ್ತರಿಸಿ, ಕೆಳಗಿಟ್ಟು, ಅದರ ಮೇಲೆ ಪ್ಲಾಸ್ಟಿಕ್ ಸ್ಕ್ರೂ ಬಿಗಿದರು. ನೋಡಲು ಅಚ್ಚುಕಟ್ಟಾಗಿತ್ತು. ಟ್ರೈಲರ್ ಸಿಕ್ಕಿಸಿ ಕಾರು ಶುರು ಮಾಡಿದರೆ ಒಂದು ಲೈಟೂ ನೆಟ್ಟಗೆ ಹತ್ತಲಿಲ್ಲ. ಎಲ್ಲವೂ ಜ್ವರ ಬಂದವರ ಕಣ್ಣಿನಂತೆ ಮಂಕಾಗಿ ಪಿಳಿಪಿಳಿ ಅಂದವು.

ಇಡೀ ಶುಕ್ರವಾರ ಇದರಲ್ಲೇ ಕಳೆಯಿತು. ಬಾಮೈದನಿಗೆ ಫೋನು ಮಾಡಲು ಮಾಸ್ತರಿಗೆ ಅಭಿಮಾನ ಅಡ್ಡ ಬಂತು. ಆದರೆ ಹೆಂಡತಿಗೆ ಅಂಥದ್ದೇನೂ ಇರಲಿಲ್ಲ. ಆಕೆ ಒಳಗೆ ಹೋಗಿ ತಮ್ಮನಿಗೆ ಫೋನು ಹಚ್ಚಿ, ಅದೂ ಇದೂ ಮಾತಾಡಿ, ನಡುವೆ ಯಾರದೋ ಕಾರಿನ ವಿಷಯ ಅನ್ನುವ ಹಾಗೆ ಕೇಳಿದಳು. ತಮ್ಮ ಜಾಣ, ಯಾರ ಕಾರು ಅಂತ ಕೇಳಲಿಲ್ಲ. ಅರ್ತಿಂಗ್ ವೈರಿಗೆ ಕಬ್ಬಿಣ ತಾಗಬೇಕು ಅಕ್ಕ, ನಡುವೆ ಏನೂ ಇರಬಾರದು, ಬಣ್ಣವನ್ನೂ ಕೆರೆಯಬೇಕು ಅಂದ. ಆಕೆ ಹೊರಗೆ ಬಂದು, ತಾನೇ ಯೋಚಿಸಿದವಳ ಹಾಗೆ, ಆ ಬಿಲ್ಲೆ ತೆಗೆದು ಲೋಹದ ಸ್ಕ್ರೂ ಹಾಕಿ ನೋಡಿ ಅಂದಳು. ಹಾಕಿದರು. ಲೈಟುಗಳು ಕೆಂಡದ ಹಾಗೆ ಹತ್ತಿದವು. ನಿನಗೆ ಹೇಗೆ ಗೊತ್ತಾಯಿತು ಅಂತ ಮಾಸ್ತರು ಕೇಳಿದ್ದಕ್ಕೆ, ಸುಮ್ಮನೆ ಹೊಳೀತು ಅಂದಳು.

ಶನಿವಾರ ಊಟವಾದ ಮೇಲೆ ಕೊನೆಯ ಪರೀಕ್ಷೆ. ಮಾಸ್ತರು ಸೀಟಿನಲ್ಲಿ ಕೂತು ಎಡದ ಇಂಡಿಕೇಟರ್ ಹಾಕುವುದು, ಹೆಂಡತಿ ಟ್ರೈಲರ್‌ನ ಹಿಂದೆ ಕಾರಿನ ಕಡೆ ಮುಖ ಮಾಡಿ ನಿಂತು ಯಾವ ಕಡೆ ಹತ್ತಿತೋ ಆ ಕೈ ಎತ್ತುವುದು ಅಂತ ಮಾತಾಯಿತು. ಎಡ ಹಾಕಿದರು. ಆಕೆ ಬಲಗೈ ಎತ್ತಿದಳು. ಕಾರಿನ ಕನ್ನಡಿಯಲ್ಲಿ ಅದು ಬಲಗಡೆಗೇ ಕಂಡಿತು. ಕನ್ನಡಿಯಲ್ಲಿ ಬಲಕ್ಕೆ ಕಂಡದ್ದು ಎಡವಲ್ಲದೆ ಇನ್ನೇನು ಅಂತ ಮಾಸ್ತರು ತಲೆಯಲ್ಲಿ ತಿರುಗಿಸಿಕೊಂಡರು. ಬಲ ಹಾಕಿದರು, ಆಕೆ ಎಡಗೈ ಎತ್ತಿದಳು. ಅದೂ ಸರಿಹೋಯಿತು. ಬ್ರೇಕು ಒತ್ತಿದರು, ಆಕೆ ಎರಡೂ ಕೈ ಎತ್ತಿದಳು. ಭೇಷ್ ಅಂದುಕೊಂಡು ಹೊರಟೇಬಿಟ್ಟರು. ಹೆಂಡತಿ ಓಡಿಬಂದು ಪಕ್ಕದಲ್ಲಿ ಕೂತಳು.

ಹಿಂದೆ ಸ್ವಲ್ಪ ದೂರದಲ್ಲಿ ಒಂದು ಸ್ಕೂಟರ್ ಬರುತ್ತಿತ್ತು. ಅದು ಅವರು ನಿಧಾನಿಸಿದರೆ ನಿಧಾನಿಸುತ್ತಿತ್ತು. ಬಾಮೈದನಿಗೆ ಆ ದಾರಿಯಲ್ಲಿ ಯಾವ ಕೆಲಸವೂ ಇರಲಿಲ್ಲ.

ಸೇತುವೆ ಬಂತು. ಪೊಲೀಸಪ್ಪ ಹೊಸ ಟ್ರೈಲರ್ ಕಂಡು ಕೈ ಅಡ್ಡ ಹಿಡಿದ. ಮಾಸ್ತರು ಬದಿಗೆ ನಿಲ್ಲಿಸಲು ಎಡದ ಇಂಡಿಕೇಟರ್ ಹಾಕಿದರು. ಪೊಲೀಸಪ್ಪ ಕಾರಿನ ಹಿಂದೆ ಹೋದ, ನೋಡಿದ, ಟ್ರೈಲರ್‌ನ ಹಿಂದೆ ಹೋದ, ನೋಡಿದ, ಮತ್ತೆ ಕಾರಿನ ಹತ್ತಿರ ಬಂದ. ಕಿಟಕಿಗೆ ಬಗ್ಗಿದಾಗ ಅವನ ಪ್ಯಾಂಟಿನ ಸೊಂಟ ಇನ್ನೂ ಅರ್ಧ ಇಂಚು ಬಿಡಿಸಲು ಬರುವಂತಿದೆ ಅಂತ ಮಾಸ್ತರು ಗಮನಿಸಿದರು.

“ಮಾಸ್ಟ್ರೇ, ಕಾರು ಎಡಕ್ಕೆ ಹೋಗ್ತೀನಿ ಅಂತಿದೆ, ಟ್ರೈಲರ್ ಬಲಕ್ಕೆ ಹೋಗ್ತೀನಿ ಅಂತಿದೆ. ಇಬ್ರೂ ಮನೇಲೇ ಕೂತು ಮಾತಾಡ್ಕೊಂಡು ಬನ್ನಿ.”

ಇರಲಾರದು ಅಂದರು ಮಾಸ್ತರು. ಇಳಿದು ಹೋಗಿ ನೋಡಿದರು. ಕಾರಿನ ಎಡಲೈಟು ಮಿಣಿಮಿಣಿ, ಟ್ರೈಲರ್‌ನ ಬಲಲೈಟು ಮಿಣಿಮಿಣಿ, ಮನಸ್ತಾಪ ಬಂದ ಗಂಡಹೆಂಡಿರ ಹಾಗೆ ಒಂದೇ ತಾಳದಲ್ಲಿ ಬೇರೆ ಬೇರೆ ಕಡೆಗೆ.

“ಏನೇ, ನೀನು ಎಡಗೈ ಎತ್ತಿದ್ದೆ ತಾನೇ?”

“ಬಲಗೈ ಎತ್ತಿದ್ದೆ ಕಣ್ರೀ. ಭೇಷ್ ಅಂದ್ರಲ್ಲ ನೀವು. ನಂಗೇನು ಗೊತ್ತು, ಹಾಗೇ ಇರುತ್ತೇನೋ ಅನ್ಕೊಂಡೆ.”

ಮಾಸ್ತರು ಕಾರಿನ ಹಿಂದಿನ ಕೆಂಪು ಕಣ್ಣುಗಳನ್ನು ನೋಡಿದರು. ಗುರುಗಳ ಸ್ಕೇಲು ಇನ್ನೊಂದು ಸಲ ನೆತ್ತಿಗೆ ಬಿದ್ದ ಹಾಗಾಯಿತು. ನಿನ್ನೆ ತಾವು ಮುಖ ಅಂದುಕೊಂಡದ್ದು ಅದರ ಬೆನ್ನು. ಇದು ಗಿರಾಕಿಯನ್ನು ಹಿಂದುಮುಂದಾಗಿ ನಿಲ್ಲಿಸಿ ಅಳತೆ ತೆಗೆದ ಕೆಲಸ. ಆಚೆ ಬಿಸಿಲು ಹಳದಿಯಾಗುತ್ತಿತ್ತು. ಸೇತುವೆಯ ಆಚೆ ಬೇಕರಿಯವನು ಮೈದಾ ಮೂಟೆ ಇಳಿಸುತ್ತಿರಬಹುದು, ತೋಳು ಮಡಚುತ್ತಿರಬಹುದು.

ಅಷ್ಟರಲ್ಲಿ ಸ್ಕೂಟರ್ ಬಂದು ನಿಂತಿತು. ಬಾಮೈದ ಇಳಿದ. ಅವನ ಮುಖದಲ್ಲಿ ನಗು ಬರಬಾರದು ಅಂತ ಅವನು ಪಡುತ್ತಿದ್ದ ಕಷ್ಟ ಎಲ್ಲರಿಗೂ ಕಾಣುತ್ತಿತ್ತು.

“ಹಳದಿ ಹಸಿರು ಅದಲುಬದಲು ಮಾಡಿದ್ರೆ ಆಯ್ತು ಭಾವ. ಒಂದು ನಿಮಿಷದ ಕೆಲಸ. ಡಿಕ್ಕಿ ತೆಗೀರಿ.”

ಡಿಕ್ಕಿ ತೆಗೆದರು. ಬಾಮೈದ ತಲೆ ಹಾಕಿದ. ಕಾರ್ಪೆಟ್ಟನ್ನು ಸವರಿದ. ಇನ್ನಷ್ಟು ಒಳಗೆ ಹೋದ. ಮೂಲೆಗೆ ಬೆರಳು ಹಾಕಿದ, ಉಗುರಿನಿಂದ ಕೆರೆದ, ಕಿವಿ ಇಟ್ಟ. ಅವನ ಕಾಲಷ್ಟೇ ಹೊರಗಿತ್ತು.

“ಎಲ್ಲಿ ಭಾವ ವೈರು?”

“ಅಲ್ಲೇ ಇದೆಯಲ್ಲಪ್ಪ, ನಿನ್ನ ಮೂಗಿನ ಕೆಳಗೆ.”

“ಹೊಲಿಗೆ ಎಲ್ಲಿಂದ ಶುರು ಅಂತ ಹೇಳಿ, ಬಿಚ್ತೀನಿ.”

ಮಾಸ್ತರು ತಾವೂ ತಲೆ ಹಾಕಿದರು. ಬೆರಳ ತುದಿಯಿಂದ ಸವರಿದರು. ಕನ್ನಡಕ ಹಣೆಗೇರಿಸಿದರು, ಮತ್ತೆ ಇಳಿಸಿದರು. ಕಾರ್ಪೆಟ್ಟು ಕಾರ್ಖಾನೆಯಿಂದ ಹಾಗೇ ಹುಟ್ಟಿಬಂದ ಹಾಗಿತ್ತು. ಗಂಟು ಎಲ್ಲಿ ಹಾಕಿದೆ, ದಾರ ಎಲ್ಲಿ ಕಡಿದೆ, ಅವರಿಗೇ ಸಿಗಲಿಲ್ಲ. ಎಷ್ಟೋ ವರ್ಷದಿಂದ ಹೊಲಿದರೂ ಇಂಥ ಹೊಲಿಗೆ ಅವರ ಕೈಯಿಂದ ಹಿಂದೆ ಬಿದ್ದಿರಲಿಲ್ಲ. ಅವರಿಗೆ ಅಳು ಬರಬೇಕಿದ್ದ ಕಡೆ ಹೆಮ್ಮೆ ಬಂತು.

ಪೊಲೀಸಪ್ಪನೂ ಕುತೂಹಲಕ್ಕೆ ಬಂದು ತಲೆ ಹಾಕಿದ. ಮೂರು ಜನ ಡಿಕ್ಕಿಯಲ್ಲಿ ಬಗ್ಗಿ ಹುಡುಕುತ್ತಿದ್ದಾಗ ಪರ್ ಅಂತ ಸದ್ದು ಬಂತು. ಪೊಲೀಸಪ್ಪ ಗಾಬರಿಯಿಂದ ತನ್ನ ಹಿಂದುಗಡೆ ಮುಟ್ಟಿ ನೋಡಿಕೊಂಡ, ಮಾಸ್ತರು ಹೊಲಿದದ್ದು, ಏನೂ ಆಗಿರಲಿಲ್ಲ. ಹರಿದದ್ದು ಬಾಮೈದನದು.

ರಸ್ತೆಯ ಬದಿಯಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಆಗ ಬಾಯಿ ಬಿಟ್ಟಳು.

“ಕಾರಿನ ಕಡೆ ಬಿಚ್ಚೋಕಾಗಲ್ಲ ಅಂದ್ರೆ ಬಿಡ್ರೀ. ಟ್ರೈಲರ್ ಲೈಟನ್ನೇ ಬಿಚ್ಚಿ, ಆ ಕಡೇದು ಈ ಕಡೆ, ಈ ಕಡೇದು ಆ ಕಡೆ ಹಾಕಿ. ಎರಡೂ ಒಂದೇ ಥರ ಇದಾವಲ್ಲ.”

ಅಷ್ಟುದ್ದ ವೈರು ಎಲ್ಲಿರುತ್ತೆ ಅಕ್ಕ, ಯಾರು ಬಿಟ್ಟಿರ್ತಾರೆ ಅಂದ ಬಾಮೈದ, ಹಿಂದುಗಡೆ ಕೈ ಮುಚ್ಚಿಕೊಂಡು. ಅಂದವನು ತಾನೇ ಮಾತು ನಿಲ್ಲಿಸಿ ಭಾವನ ಮುಖ ನೋಡಿದ. ಮಾಸ್ತರು ಆಗಲೇ ಟ್ರೈಲರ್‌ನ ಹಿಂದೆ ಕೂತು ಲೈಟಿನ ಬೆನ್ನಿಂದ ಮಡಿಕೆ ಬಿಡಿಸುತ್ತಿದ್ದರು. ಒಂದು ಮಡಿಕೆ, ಇನ್ನೊಂದು ಮಡಿಕೆ, ವೈರು ಬಂತು, ಬಂತು, ಬರುತ್ತಲೇ ಇತ್ತು.

ಆಮೇಲೆ ಸೇತುವೆಯ ಮೇಲೆ ಹೋಗಿಬರುವವರು ಕಂಡದ್ದು ಹೀಗಿತ್ತು: ಗ್ಯಾರೇಜಿನವನು ಬಗ್ಗಿ ಸ್ಪ್ಯಾನರ್ ಹಿಡಿದು ಲೈಟಿನ ನಟ್ಟು ಬಿಚ್ಚುತ್ತಿದ್ದ. ಅವನ ಹಿಂದೆ ಟೈಲರ್ ಮಾಸ್ತರು ಮೊಣಕಾಲೂರಿ, ಬಾಯಲ್ಲಿ ಇನ್ನೊಂದು ಸೂಜಿ ಕಚ್ಚಿಕೊಂಡು, ಅವನ ಪ್ಯಾಂಟು ಹೊಲಿಯುತ್ತಿದ್ದರು. ಅವರಿಬ್ಬರಿಗೆ ಮರೆಯಾಗಿ ಮಾಸ್ತರ ಹೆಂಡತಿ ಸೆರಗನ್ನು ಪರದೆಯಂತೆ ಹಿಡಿದಿದ್ದಳು. ಪೊಲೀಸಪ್ಪ ಗಾಡಿಗಳನ್ನು ಆಚೆಯಿಂದ ಹೋಗಿ ಆಚೆಯಿಂದ ಹೋಗಿ ಅಂತ ಕಳಿಸುತ್ತಿದ್ದ.

“ಅಲ್ಲಾಡ್ಬೇಡ್ವೋ, ಚುಚ್ಚುತ್ತೆ,” ಅಂದರು ಮಾಸ್ತರು.

“ಭಾವ, ದಾರ ಅಂದ್ರೇನು ಹೇಳ್ಲಾ,” ಅಂದ ಬಾಮೈದ, ನಟ್ಟು ತಿರುಗಿಸುತ್ತಾ. “ಅಂಗಿ ಬಿಚ್ಚಿಟ್ಟಿರೋ ವೈರು.”

ಮಾಸ್ತರಿಗೆ ಬಾಯಲ್ಲಿ ಸೂಜಿ ಇದ್ದದ್ದರಿಂದ ನಗಲಾಗಲಿಲ್ಲ. ಹೆಂಡತಿ ಇಬ್ಬರ ಪಾಲಿನದನ್ನೂ ನಕ್ಕಳು, ಪರದೆ ಅಲ್ಲಾಡಿತು.

ಲೈಟುಗಳು ಜಾಗ ಬದಲಾಯಿಸಿದವು. ಹೆಚ್ಚಿನ ವೈರು ಸರಿಯಾಗಿ ಆ ಕಡೆಯಿಂದ ಈ ಕಡೆಗೆ ಮುಟ್ಟಿತು, ಮುಟ್ಟಿ ಅರ್ಧ ಇಂಚು ಉಳಿಯಿತು. ಪೊಲೀಸಪ್ಪ ಎಡ ಹಾಕಿ ಅಂದ, ಎರಡೂ ಎಡ ಅಂದವು. ಬಲ ಹಾಕಿ ಅಂದ, ಎರಡೂ ಬಲ ಅಂದವು. ರಾಜಿಯಾಯ್ತು, ಹೋಗಿ ಅಂತ ಕೈ ಬೀಸಿದ.

ಅಂಗಡಿ ತಲುಪಿದಾಗ ಬೇಕರಿಯವನು ಬಾಗಿಲಲ್ಲೇ ಇದ್ದ. ತೋಳು ಮಡಚಿದ್ದ. ಮೈದಾ ಮೂಟೆಯ ಬಾಯಿಯನ್ನು ಆಗಲೇ ಬಿಚ್ಚಿ, ಒಂದು ಹಿಡಿ ಕೈಯಲ್ಲಿ ಹಿಡಿದು ಆಕಾಶ ನೋಡುತ್ತಿದ್ದ. ಸೂರ್ಯ ಎದುರು ಕಟ್ಟಡದ ಮೇಲೆ ಒಂದು ಬೆರಳಷ್ಟು ಉಳಿದಿದ್ದ. ಅದನ್ನು ನೋಡಿ ಬೇಕರಿಯವನು ಮೈದಾವನ್ನು ಮೂಟೆಗೆ ವಾಪಸು ಹಾಕಿದ, ಕೈ ಒರೆಸಿಕೊಂಡು, ತಾನೂ ಬಂದು ಮೇಜಿನ ಒಂದು ಕಾಲು ಹಿಡಿದ. ಒಳ್ಳೆಯವನೇ, ಪಾಪ. ಟ್ರೈಲರ್‌ಗೆ ಏರಿಸಿ ಹಗ್ಗ ಬಿಗಿದ ಮೇಲೆ, ಕೊನೆಯದಾಗಿ ಒಂದು ಸಲ ಮೇಜನ್ನು ತಟ್ಟಿ ನಿಟ್ಟುಸಿರು ಬಿಟ್ಟ.

ದಾರಿಯುದ್ದಕ್ಕೂ ಬಾಮೈದ ಸ್ಕೂಟರ್‌ನಲ್ಲಿ ಹಿಂದೆ ಬಂದ. ಪ್ರತಿ ತಿರುವಿನಲ್ಲೂ ಹಾರ್ನು ಹೊಡೆದು ಸರಿಯಾಗಿದೆ ಅಂತ ತಿಳಿಸಿದ. ಈಗ ಅವನ ಗ್ಯಾರೇಜಿಗೆ ಬಂದವರಿಗೆಲ್ಲ, ವೈರು ಕಾಣಬಾರದು ಅಂದರೆ ನಮ್ಮ ಭಾವನ ಹತ್ತಿರ ಹೋಗಿ ಅನ್ನುತ್ತಾನೆ. ಯಾವ ಕಡೆ ಎಡ ಅನ್ನುವುದನ್ನು ಮಾತ್ರ ನನ್ನನ್ನು ಕೇಳಿ ಅಂತಲೂ ಸೇರಿಸುತ್ತಾನೆ.

ಮೇಜು ಮನೆಗೆ ಬಂತು, ಆದರೆ ಕೋಣೆಗೆ ಹಿಡಿಸಲಿಲ್ಲ. ಅಳತೆಯ ಮನುಷ್ಯ ಎಲ್ಲದರ ಅಳತೆ ತೆಗೆದಿದ್ದರು, ತಮ್ಮ ಮನೆಯದೊಂದು ಬಿಟ್ಟು. ಕೊನೆಗೆ ನಡುವಿನ ಬಾಗಿಲು ತೆಗೆದಿಟ್ಟು, ಅರ್ಧ ಮೇಜು ಮುಂದಿನ ಕೋಣೆಯಲ್ಲಿ, ಅರ್ಧ ಅಡುಗೆಮನೆಯಲ್ಲಿ ಇರುವ ಹಾಗೆ ಕೂರಿಸಿದರು.

ಮರುದಿನ ಬೆಳಗ್ಗೆ ಮಾಸ್ತರು ಎದ್ದು, ಮುಖ ತೊಳೆದು, ಟೇಪನ್ನು ಕೊರಳಿಗೆ ಹಾಕಿಕೊಂಡು ಮುಂದಿನ ಕೋಣೆಯ ಕಡೆ ಮೇಜಿನ ತಗ್ಗಿನ ಹತ್ತಿರ ಬಂದು ನಿಂತರು. ಆ ಬದಿಯಲ್ಲಿ ಹೆಂಡತಿ ನಿಂತಿದ್ದಳು. ಅಡುಗೆಮನೆಯ ಕಡೆಯ ಅರ್ಧಕ್ಕೆ ಹಿಟ್ಟು ಸುರಿದು, ನಡುವೆ ಗುಳಿ ಮಾಡಿ, ನೀರು ಹಾಕಿ, ಎರಡೂ ಕೈಯಲ್ಲಿ ಧಾರಾಳವಾಗಿ ನಾದುತ್ತಿದ್ದಳು. ಕಲ್ಲಿನ ಕಟ್ಟೆಗಿಂತ ಇದೇ ಎಷ್ಟೋ ಚೆನ್ನಾಗಿದೆ ಅನ್ನುವುದು ಆಕೆಯ ಭುಜಗಳಲ್ಲೇ ಕಾಣುತ್ತಿತ್ತು. ಮಾಸ್ತರು ಹಿಟ್ಟನ್ನೇ ನೋಡಿದರು. ಟ್ರೈಲರ್, ನೆನೆದ ವೈರು, ಸೇತುವೆ, ಬೇಕರಿಯವನ ಮುಖ ಎಲ್ಲ ಒಟ್ಟಿಗೆ ನೆನಪಾದವು.

“ಹಾಗ್ಯಾಕೆ ನೋಡ್ತೀರಿ,” ಅಂದಳು ಆಕೆ, ಹಿಟ್ಟನ್ನು ತಿರುವಿ ಹಾಕುತ್ತಾ. “ಎಡಗಡೆ ನನ್ನದು, ಬಲಗಡೆ ನಿಮ್ಮದು. ಆಯ್ತಲ್ಲ.”

ಮಾಸ್ತರು ತಮ್ಮ ಎಡಗೈ ನೋಡಿಕೊಂಡರು. ಎದುರು ಬದಿಯಲ್ಲಿ ನಿಂತ ಹೆಂಡತಿಯ ಎಡಗೈ ನೋಡಿದರು. ಮೇಜಿಗೆ ಮುಖವಿಲ್ಲ. ಆದರೆ ಅದರ ಎರಡೂ ಬದಿಯಲ್ಲಿ ಈಗ ಒಬ್ಬೊಬ್ಬರು ನಿಂತಿದ್ದಾರೆ. ನೆತ್ತಿ ಸಣ್ಣಗೆ ನೋಯತೊಡಗಿತು.

“ಯಾರ ಎಡ?” ಅಂದರು.

ಹೆಂಡತಿ ಹಿಟ್ಟಿನ ಕೈಯನ್ನು ಮುಂದೆ ಚಾಚಿ, ಮಾಸ್ತರ ಕಿವಿಯ ಹಿಂದಿನಿಂದ ಚಾಕ್‌ಪೀಸು ತೆಗೆದುಕೊಂಡು, ಮೇಜಿನ ಮೇಲೆ ಇಬ್ಬರ ನಡುವೆ ಅಡ್ಡಲಾಗಿ ಒಂದು ನೀಲಿ ಗೆರೆ ಎಳೆದಳು. ಹೊಟ್ಟೆಯ ತಗ್ಗು ಮಾಸ್ತರ ಪಾಲಿಗೆ ಬಂತು. ಆದರೆ ಹಿಟ್ಟು ಹಬ್ಬುತ್ತದಲ್ಲ ಅಂತ, ಗೆರೆಯನ್ನು ಅವರ ಕಡೆಗೆ ಅರ್ಧ ಇಂಚು ಸರಿಸಿಯೇ ಎಳೆದಿದ್ದಳು.